ಗುರುವಾರ ಸುಡಬಹುದು

ಜನವರಿ 29

ಅಮ್ಮಾ,

ನಮಸ್ಕಾರ ಇಲ್ಲ. ನಾವಿಲ್ಲಿ ಕ್ಷೇಮ ಅಂತ ಮೊದಲ ಸಾಲು ಬರೆಯುವುದು ಪದ್ಧತಿ, ಅದೂ ಇಲ್ಲ. ನಿನ್ನ ಮೊಮ್ಮಗಳು ಗುಬ್ಬಿ, ಆಸ್ಪತ್ರೆಯಲ್ಲಿದ್ದಾಳೆ. ನಾನು ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ನರ್ಸಮ್ಮನ ಹತ್ತಿರ ಕಾಗದ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿನ್ನ ಅರಣ್ಯ ಇಲಾಖೆಯ ಕ್ಯಾಂಪಿಗೆ ಫೋನ್ ಸಿಗುವುದಿಲ್ಲ. ವೈರ್‌ಲೆಸ್ ಸ್ವಂತ ಮಾತಿಗಲ್ಲ ಅಂತ ಕಟ್ಟಪ್ಪಣೆ ಮಾಡಿದವಳೂ ನೀನೇ. ಹಾಗಾಗಿ ರೇಷನ್ ಒಯ್ಯುವ ಜೀಪಿನ ಡ್ರೈವರ್ ಕೈಗೆ ಕೊಡುತ್ತೇನೆ. ಅಕ್ಕಿ, ಬೇಳೆ, ಮಗಳ ಹೊಟ್ಟೆಯುರಿ, ಎಲ್ಲ ಒಟ್ಟಿಗೆ ಬಂದು ತಲುಪಲಿ.

ಮೊನ್ನೆ ನೀನು ಗುಡ್ಡದಲ್ಲಿ ನಮ್ಮ ಕಡೆಯ ಪಶ್ಚಿಮದ ಇಳಿಜಾರಿಗೆ ಬೆಂಕಿ ಹಚ್ಚಿದೆ. ನಿನ್ನ ಮಾತಿನಲ್ಲಿ ಅದು 'ಸಣ್ಣ ಬೆಂಕಿ'. ಬೇಸಿಗೆಯಲ್ಲಿ ಕಾಡ್ಗಿಚ್ಚು ಏಳಬಾರದು ಅಂತ ಚಳಿ ಇರುವಾಗಲೇ ನೆಲದ ತರಗೆಲೆಯನ್ನು ಬೇಕೆಂದೇ ಸುಟ್ಟು ಮುಗಿಸುವುದು. ಇದೆಲ್ಲ ನನಗೆ ಗೊತ್ತು, ಹಾಲು ಕುಡಿಯುವಾಗಿನಿಂದ ಕೇಳಿದ್ದೇನೆ. ಗೊತ್ತಿಲ್ಲದೆ ಹೋದದ್ದು ಒಂದೇ, ಮೊನ್ನೆ ಹಚ್ಚುತ್ತೀಯ ಅನ್ನುವುದು.

ಬೆಳಿಗ್ಗೆ ಒಳ್ಳೆ ಬಿಸಿಲಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಶ್ವಾಸಕೋಶ ಇನ್ನೂ ಎಳೆಯದು, ಗಾಳಿ ಬೆಳಕು ಚೆನ್ನಾಗಿರಲಿ ಅಂತ ಡಾಕ್ಟರು ಹೇಳಿದ್ದರಲ್ಲ. ಎರಡೂ ಕಿಟಕಿ ತೆಗೆದೆ. ಬಿಸಿಲು ಬಿದ್ದ ಕಡೆ ಅವಳನ್ನು ಮಲಗಿಸಿ, ಹಿಂದಿನ ನಲ್ಲಿಯಲ್ಲಿ ಬಟ್ಟೆ ಹಿಂಡಲು ಹೋದೆ. ಸುಟ್ಟ ವಾಸನೆ ಬಂದಾಗ ಪಕ್ಕದ ಮನೆ ಟೈಲರಮ್ಮ ಮತ್ತೆ ಹಾಲು ಒಲೆಯ ಮೇಲೆ ಮರೆತಿದ್ದಾರೆ ಅಂದುಕೊಂಡು ನಕ್ಕೆ. ಹೌದು, ನಕ್ಕೆ. ಒಳಗೆ ಬಂದರೆ ಎದುರಿನ ಗೋಡೆ ಕಾಣಿಸಲಿಲ್ಲ. ಗುಬ್ಬಿ ಅಳುತ್ತಿರಲಿಲ್ಲ. ಅಳುವ ಮಗುವಿಗೆ ಹೆದರಬಾರದು, ಅಳದ ಮಗುವಿಗೆ ಹೆದರಬೇಕು ಅಂತ ಆ ಹೊತ್ತಿನಲ್ಲಿ ಕಲಿತೆ. ಪ್ರತಿ ಉಸಿರಿಗೂ ಅವಳ ಪಕ್ಕೆಲುಬಿನ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ತುಟಿ ನೇರಳೆ.

ಇವರು ಬಸ್ ಡಿಪೋದಲ್ಲಿದ್ದರು. ಟೈಲರಮ್ಮನೇ ಮಗುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು, ಇಬ್ಬರೂ ಓಡಿದೆವು. ನಮ್ಮ ಬೀದಿಗೆ ಆಂಬುಲೆನ್ಸ್ ಬರುವುದಿಲ್ಲ, ಕಾಲುಸೇತುವೆ ದಾಟಿ ಹೋಗಬೇಕು. ನಿನ್ನ ಎಚ್ಚರಿಕೆಯ ಮೈಕಿನ ಆಟೋ ಕೂಡ ಅದೇ ಸೇತುವೆಯ ಹತ್ತಿರ ತಿರುಗಿ ಹೋಗುತ್ತದೆ. ಊರೆಲ್ಲ ಬೆಳಿಗ್ಗೆಯೇ ಕಿಟಕಿ ಹಾಕಿಕೊಂಡು ಕೂತಿತ್ತು. ಸೇತುವೆಯ ಈಚೆ ದಡದ ನಾವು ಮಾತ್ರ ಬಾಯಿ ತೆರೆದುಕೊಂಡು ಹೊಗೆ ಕುಡಿದೆವು.

ನಿನಗೆ ಆ ಸೇತುವೆ ಗೊತ್ತಿಲ್ಲವಾ? ಗುಬ್ಬಿಯನ್ನು ನೋಡಲು ಬಂದಾಗ ಅದರ ಮೇಲೇ ನಡೆದು ಬಂದೆಯಲ್ಲ?

ಹೊಗೆ ಎಲ್ಲಿಂದ ಬಂತು ಅಂತ ಡಾಕ್ಟರು ಕೇಳಿದರು. ಗುಡ್ಡದಿಂದ ಅಂದೆ. "ಮಕ್ಕಳಿರೋ ಊರಿನ ತಲೆ ಮೇಲೆ ಬೆಂಕಿ ಹಚ್ಚೋರು ಯಾರ್ರೀ ಅದು?" ಅಂದರು. ಯಾರು ಅಂತ ಹೇಳಲಿ?

ಮಾರ್ಚಿನಲ್ಲಿ ಪುರಸಭೆಯವರು ಅಹವಾಲು ಸಭೆ ಕರೆದಿದ್ದಾರೆ, ಇನ್ನು ಮುಂದೆ ಗುಡ್ಡದಲ್ಲಿ ಸುಡಲು ಬಿಡಬೇಕಾ ಬೇಡವಾ ಅಂತ. ನಾನು ಹೋಗಿ ಮಾತಾಡುತ್ತೇನೆ. ಬೇಡ ಅಂತ.

ನಿನ್ನ ಮಗಳು
(ಅದೊಂದನ್ನು ಬದಲಾಯಿಸಲು ಆಗುವುದಿಲ್ಲ)


ಫೆಬ್ರವರಿ 6

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಾಗದ ತಲುಪಿತು. ಮಗು ಮನೆಗೆ ಬಂದಳು ಅಂತ ಡ್ರೈವರ್ ಹೇಳಿದ. ಸಮಾಧಾನ.

ಅವತ್ತು ಲೆಕ್ಕ ಸರಿಯಿತ್ತು. ತರಗೆಲೆ ಮಡಚಿ ನೋಡಿದೆ. ಪುಡಿಯಾದರೆ ಹಚ್ಚಬಾರದು, ಬಟ್ಟೆಯ ಹಾಗೆ ಬಾಗಿದರೂ ಹಚ್ಚಬಾರದು. ಲಟಕ್ ಅಂದು ಎರಡು ತುಂಡು ಆಗಬೇಕು, ಆಯಿತು. ಗಾಳಿ ಮೇಲ್ಮುಖವಾಗಿತ್ತು. ಆಮೇಲೆ ಗಾಳಿ ನಿಂತಿತು, ಹೊಗೆ ಕಣಿವೆಗೆ ಇಳಿಯಿತು. ಗಾಳಿಗೆ ನಾವು ಸಂಬಳ ಕೊಡುವುದಿಲ್ಲ.

ಸುಡದೆ ಇರಲಾಗುವುದಿಲ್ಲ. ಮೊದಲು ಮೇ ತಿಂಗಳಲ್ಲಿ ಒಣಗುತ್ತಿದ್ದ ನೆಲ ಈಗ ಮಾರ್ಚಿಗೇ ಒಣಗುತ್ತದೆ. ಮರಗಳು ಸೆಕೆಗೆ ಎಲೆ ಜಾಸ್ತಿ ಉದುರಿಸುತ್ತವೆ. ಉದುರಿದ್ದೆಲ್ಲ ಹಾಗೇ ಬಿದ್ದಿರುತ್ತದೆ. ಮೊಣಕಾಲು ಎತ್ತರದ ಬೆಂಕಿಯನ್ನು ದಪ್ಪ ತೊಗಟೆಯ ಮರ ತಡೆದುಕೊಳ್ಳುತ್ತದೆ, ಬುಡ ಕಪ್ಪಾಗುತ್ತದೆ ಅಷ್ಟೆ. ನೆತ್ತಿಗೆ ಏರುವ ಬೆಂಕಿಯನ್ನು ಯಾವ ಮರವೂ ತಡೆಯುವುದಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಹಚ್ಚುವುದು ಬೆಳಗಿನ ಹೊತ್ತಿನಲ್ಲೇ ತೀರ್ಮಾನ ಆಗುವುದು. ಖಾತ್ರಿಯಾಗುವ ತನಕ ನಾನು ಯಾರಿಗೂ ಹೇಳುವುದಿಲ್ಲ. ಮೈಕ್ ಕೂಗುವ ಮೊದಲು ನನ್ನ ತಂಡದ ಯಾರೂ ಅವರವರ ಮನೆಗೂ ಹೇಳುವಂತಿಲ್ಲ. ಇದು ನಾನೇ ಮಾಡಿದ ರೂಲು. ನನಗೂ ಅದೇ.

ಮಗುವನ್ನು ತಲೆ ಎತ್ತರಿಸಿ ಮಲಗಿಸು.

ಇಂತಿ,
ಅಮ್ಮ


ಫೆಬ್ರವರಿ 15

ಅಮ್ಮಾ,

ನಾನು ಮಗುವಿನ ಎದೆಗೂಡಿನ ಬಗ್ಗೆ ಬರೆದೆ, ನೀನು ಮರದ ತೊಗಟೆಯ ಬಗ್ಗೆ ಬರೆದೆ. ಓದಿ ಇವರ ಕೈಗೆ ಕೊಟ್ಟೆ. ಇವರು ಸಾವಕಾಶ ಮಡಚಿ, "ನಿಮ್ಮಮ್ಮ ಆಶೀರ್ವಾದ ಮಾಡಿದಾರಲ್ಲ, ಬಿಡು" ಅಂದರು. ಬಸ್ಸು ರಿಪೇರಿ ಮಾಡುವವರಿಗೆ ಎಲ್ಲವೂ ಒಂದು ಬೋಲ್ಟ್ ಬಿಗಿಮಾಡಿದರೆ ಸರಿಹೋಗುವಂಥದ್ದು.

ನನ್ನದು ಸರಿಹೋಗುತ್ತಿಲ್ಲ. ಮಗು ಮಲಗಿದರೆ ನಾನು ಮಲಗುವುದಿಲ್ಲ, ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತೇನೆ. ಯಾರ ಮನೆಯಲ್ಲಾದರೂ ಒಗ್ಗರಣೆ ಸೀದರೆ ಎದ್ದು ಕಿಟಕಿ ಹಾಕುತ್ತೇನೆ. ನೆಬ್ಯುಲೈಸರ್ ಯಂತ್ರ ಮನೆಗೇ ತಂದಿದ್ದೇವೆ. ಆ ಮುಖವಾಡ ಹಾಕಿದಾಗ ಗುಬ್ಬಿ ನನ್ನನ್ನೇ ನೋಡುತ್ತಾಳೆ, ಇದನ್ನು ಯಾಕೆ ಮಾಡುತ್ತಿದ್ದೀಯ ಅಂತ. ಅವಳಿಗೂ ಯಾರೂ ಮೊದಲೇ ಏನೂ ಹೇಳಿಲ್ಲವಲ್ಲ.

ಖಾತ್ರಿಯಾಗುವ ತನಕ ಯಾರಿಗೂ ಹೇಳುವುದಿಲ್ಲ ಅಂದೆಯಲ್ಲ, ಅದು ಕಾಡಿನ ರೂಲು ಅಂತ ನೀನು ತಿಳಿದಿದ್ದೀಯ. ಅದು ನಮ್ಮ ಮನೆಯ ರೂಲು. ಅಪ್ಪ ಹೋದ ಮೇಲೆ ಸೋದರತ್ತೆಯ ಮನೆಯಲ್ಲಿ ನನ್ನನ್ನು ಬಿಟ್ಟೆ. ಯಾವಾಗ ಬರುತ್ತೀಯ ಅಂತ ಒಂದು ದಿನವಾದರೂ ಹೇಳಿ ಕಳಿಸಿದೆಯಾ? ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ನಿಂತಿರುತ್ತಿದ್ದೆ, ಹೊಗೆ ವಾಸನೆ ಹೊಡೆಯುತ್ತ. ಇದ್ದಕ್ಕಿದ್ದ ಹಾಗೆ ಇರುತ್ತಿರಲಿಲ್ಲ. ಬರುತ್ತಾಳೆ ಅಂತ ಗೊತ್ತಿದ್ದವರು ಕಾಯುತ್ತಾರೆ, ಬರುವುದಿಲ್ಲ ಅಂತ ಗೊತ್ತಿದ್ದವರು ಆಡಲು ಹೋಗುತ್ತಾರೆ. ನಾನು ಎರಡೂ ಮಾಡಲಾಗದೆ ಕಿಟಕಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಅತ್ತೆ ಪಾತ್ರೆಗಳಿಗೆ ಹೇಳುತ್ತಿದ್ದರು, ನನಗೆ ಕೇಳುವ ಹಾಗೆ.

ಕಾಡು ನೀನು ಹುಟ್ಟುವ ಮೊದಲೂ ಇತ್ತು. ಅದಕ್ಕೆ ಬೆಂಕಿಪೊಟ್ಟಣ ಹಿಡಿದು ಯಾರೂ ಬುದ್ಧಿ ಕಲಿಸಿರಲಿಲ್ಲ. ನಾನೂ ಒಂದು ಡಿಗ್ರಿ ಮಾಡಿದವಳು, ಪುಸ್ತಕ ತೆಗೆದು ನೋಡಿದ್ದೇನೆ. ಕೆಲವರು ಸುಡಬೇಕು ಅಂತಾರೆ, ಕೆಲವರು ಕೈಯಲ್ಲಿ ಗುಡಿಸಿ ತೆಗೆಯಿರಿ ಅಂತಾರೆ. ಗುಡಿಸಿ. ಇಡೀ ಗುಡ್ಡ ಗುಡಿಸಿ. ನನ್ನ ಮಗಳು ಉಸಿರಾಡಬೇಕು.

ನಿನ್ನ ಮಗಳು


ಮಾರ್ಚ್ 11

ಅಮ್ಮಾ,

ಸಭೆಯಲ್ಲಿ ಏನಾಯಿತು ಅಂತ ನಿನಗೆ ಬರೆಯಬೇಕಾಗಿಲ್ಲ, ಕೊನೆಯ ಸಾಲಿನಲ್ಲಿ ಖಾಕಿ ಹಾಕಿಕೊಂಡು ಕೂತಿದ್ದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಕೊನೆ ತನಕ ಇರಲಿಲ್ಲ.

ಗುಬ್ಬಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಮಾತಾಡಿದೆ. ನನ್ನ ಮಾತಿಗಿಂತ ಅವಳ ಉಬ್ಬಸ ಮೈಕಿನಲ್ಲಿ ಚೆನ್ನಾಗಿ ಕೇಳಿಸಿತಂತೆ. ನಿನ್ನ ಸರದಿ ಬಂದಾಗ ನೀನು ಎದ್ದು ಹೇಳಿದ್ದು ಮೂರು ಮಾತು: ಪಶ್ಚಿಮ ಮುಗಿದಿದೆ, ಪೂರ್ವ ಬಾಕಿ ಇದೆ, ಪೂರ್ವವನ್ನು ಈಗ ಸುಡದಿದ್ದರೆ ಅದು ತಾನೇ ಸುಟ್ಟುಕೊಳ್ಳುತ್ತದೆ. ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನವರು, "ಬೆಂಕಿಯಕ್ಕನಿಗೆ ಮಕ್ಕಳಿಲ್ಲ ಅನ್ಸುತ್ತೆ" ಅಂದರು. ನಿನಗೂ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಸುಮ್ಮನಿದ್ದೆವು. ತಾಯಿ ಮಗಳು ಒಂದೇ ಥರ ಅಂತ ಯಾರಾದರೂ ಹೇಳಿದರೆ ಇನ್ನು ನಾನು ಇಲ್ಲ ಅನ್ನಲಾರೆ.

ಕೈಯೆತ್ತಿಸಿ ಎಣಿಸಿದರು. ಈ ವರ್ಷ ಪೂರ್ವದ ಇಳಿಜಾರನ್ನು ಸುಡುವ ಹಾಗಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಬಂದು ನೋಡಿದರೆ ನಿನ್ನ ಜೀಪಿಲ್ಲ. ಮೊಮ್ಮಗಳು ನಿನ್ನಿಂದ ನಾಲ್ಕು ಕುರ್ಚಿ ಆಚೆ ಇದ್ದಳು ಅಮ್ಮಾ. ಹೋಗುತ್ತೇನೆ ಅಂತ ಹೇಳಲೂ ಖಾತ್ರಿ ಬೇಕಿತ್ತಾ?

ನಿನ್ನ ಮಗಳು


ಮಾರ್ಚ್ 19

ಮಗಳಿಗೆ,

ಚೆನ್ನಾಗಿ ಮಾತಾಡಿದೆ. ತಪ್ಪು ಮಾತಾಡಿದೆ.

ಗುಡಿಸಿ ಅಂದೆ. ನನ್ನ ಹತ್ತಿರ ಇರುವವರು ಹತ್ತು ಜನ. ನಿನಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಪೊರಕೆ ಹಿಡಿದು ಮೇಲೆ ಬರಲಿಲ್ಲ. ಪೂರ್ವದಲ್ಲಿ ಮೊನ್ನೆ ನಡೆದೆ, ತರಗೆಲೆ ಮೊಣಕಾಲು ಮುಳುಗುತ್ತದೆ. ಕೈಯಲ್ಲಿ ಹಿಡಿದರೆ ಪುಡಿ. ಇನ್ನು ನೀನೇ ಬಂದು ಹಚ್ಚು ಅಂದರೂ ನಾನು ಹಚ್ಚುವುದಿಲ್ಲ, ಹೊತ್ತು ಮೀರಿತು. ಬರುವ ಬೆಂಕಿ ಸಭೆ ಕರೆಯುವುದಿಲ್ಲ, ಕೈಯೆತ್ತಿಸುವುದಿಲ್ಲ.

ಆದ್ದರಿಂದ ಇದನ್ನು ಮಾಡು. ಒಳಗಿನ ಕೋಣೆಯ ಕಿಟಕಿ ಸಂದಿಗೆಲ್ಲ ಅಂಟುಪಟ್ಟಿ ಹಚ್ಚಿಸು. ಬಾಗಿಲ ಕೆಳಗೆ ಒದ್ದೆ ಬಟ್ಟೆ. ಆ ಕೋಣೆಯಲ್ಲಿ ಒಲೆ, ಬತ್ತಿ ಏನೂ ಹಚ್ಚಬೇಡ. ಮಗುವಿನ ಬಟ್ಟೆ, ಔಷಧಿ, ಯಂತ್ರ ಒಂದು ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರ ಇಡು. ಅಳಿಯಂದಿರಿಗೆ ಹೇಳು, ಡಿಪೋದಲ್ಲಿ ಒಂದು ಬಸ್ಸು ಯಾವಾಗಲೂ ಡೀಸೆಲ್ ತುಂಬಿಸಿ ಸೇತುವೆಯ ಆಚೆ ನಿಲ್ಲಿಸಿರಲಿ. ಮೇಲಿನವರನ್ನು ಕೇಳಿದರೆ ಇಲ್ಲ ಅನ್ನುತ್ತಾರೆ, ಕೇಳದೆ ನಿಲ್ಲಿಸಲಿ.

ಸಿಟ್ಟು ನನಗೂ ಇದೆ. ಈಗ ಕೆಲಸವಿದೆ.

ಅಮ್ಮ


ಮೇ 7
ಸೋದರತ್ತೆಯ ಮನೆಯಿಂದ

ಅಮ್ಮಾ,

ಈ ಕಾಗದ ಓದಲು ನೀನು ಇದ್ದೀಯೋ ಇಲ್ಲವೋ ಗೊತ್ತಿಲ್ಲ. ಕ್ಯಾಂಪ್ ಸುಟ್ಟಿತು ಅಂತ ಒಬ್ಬರು, ಇಲ್ಲ ಅಂತ ಒಬ್ಬರು. ಇಲಾಖೆಗೆ ಫೋನ್ ಮಾಡಿದರೆ, "ತಂಡ ಕೆಲಸದಲ್ಲಿದೆ" ಅಂತ ಒಂದೇ ಮಾತು. ನನಗೆ ಗೊತ್ತು ಅದು ಯಾರ ರೂಲು. ಖಾತ್ರಿಯಾಗುವ ತನಕ ಮನೆಯವರಿಗೆ ಹೇಳುವಂತಿಲ್ಲ.

ಪೂರ್ವಕ್ಕೆ ಬೆಂಕಿ ಬಿತ್ತು. ಕರೆಂಟಿನ ತಂತಿಯಿಂದ ಅಂತಾರೆ, ಸಿಡಿಲಿನಿಂದ ಅಂತಾರೆ. ಮಧ್ಯಾಹ್ನವೇ ಬೀದಿದೀಪ ಹತ್ತಿದವು, ಅಷ್ಟು ಕತ್ತಲೆ. ಆಕಾಶದಿಂದ ಉರಿಯುವ ಎಲೆಗಳು ಬಿದ್ದವು. ಇವರು ಡಿಪೋದಿಂದ ಓಡಿಬಂದು, ಸೇತುವೆ ಆಚೆ ನಿಲ್ಲಿಸಿದ್ದ ಬಸ್ಸಿಗೆ ಬೀದಿಯನ್ನೆಲ್ಲ ತುಂಬಿಸಿದರು. ಟೈಲರಮ್ಮ ಹೊಲಿಗೆ ಮೆಷಿನ್ನು ಬಿಟ್ಟು ಬರುವುದಿಲ್ಲ ಅಂತ ಕೂತರು, ಮೆಷಿನ್ನೂ ಬಂತು. ಚೀಲ ಬಾಗಿಲ ಹತ್ತಿರವೇ ಇತ್ತು. ನೀನು ಹೇಳಿದ್ದನ್ನೆಲ್ಲ ಬೈಯುತ್ತ ಬೈಯುತ್ತ ಒಂದೊಂದಾಗಿ ಮಾಡಿಟ್ಟಿದ್ದೆ. ಅಷ್ಟಾದರೂ ಇಲ್ಲಿ ಬಂದು ಮುಟ್ಟುವಷ್ಟರಲ್ಲಿ ಗುಬ್ಬಿಗೆ ಮತ್ತೆ ಆಮ್ಲಜನಕ ಬೇಕಾಯಿತು. ಮೂರು ಆಸ್ಪತ್ರೆಯಲ್ಲಿ ಜಾಗವಿಲ್ಲ ಅಂದರು. ಎಲ್ಲ ಊರಿನ ಮಕ್ಕಳೂ ಕೆಮ್ಮುತ್ತಿದ್ದರು. ಈಗ ಪರವಾಗಿಲ್ಲ. ಅತ್ತೆಯ ಹೆಗಲ ಮೇಲೆ ಮಲಗಿದ್ದಾಳೆ.

ಇವರು ನಿನ್ನೆ ಹೋಗಿ ನೋಡಿ ಬಂದರು. ಬೆಂಕಿ ಗುಡ್ಡದ ನೆತ್ತಿ ದಾಟಿ ನಮ್ಮ ಕಡೆಗೆ ಇಳಿದಿತ್ತಂತೆ. ಜನವರಿಯಲ್ಲಿ ನೀನು ಸುಟ್ಟ ಜಾಗಕ್ಕೆ ಬಂದು, ತಿನ್ನಲು ಏನೂ ಸಿಗದೆ, ನೆಲಕ್ಕೆ ಬಗ್ಗಿ ಆರಿತಂತೆ. ನಮ್ಮ ಬೀದಿ ಹಾಗೇ ಇದೆ. ಹಗ್ಗದ ಮೇಲೆ ನಾನು ಬಿಟ್ಟು ಬಂದ ಬಟ್ಟೆಯೂ ಹಾಗೇ ಇದೆ, ಕಪ್ಪಾಗಿ.

ಈಗ ನಾನು 'ನನ್ನದೇ ತಪ್ಪು' ಅಂತ ಬರೆಯುತ್ತೇನೆ ಅಂತ ಕಾಯುತ್ತಿದ್ದರೆ ಕಾಯುತ್ತಿರು. ನೀನು ಸುಟ್ಟದ್ದು ಸರಿ. ಹೇಳದೆ ಸುಟ್ಟದ್ದು ತಪ್ಪು. ನೀನು ಹೇಳಿ ಸುಟ್ಟಿದ್ದರೆ ನಾನು ಕಿಟಕಿ ಹಾಕಿರುತ್ತಿದ್ದೆ, ಗುಬ್ಬಿ ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ನಾನು ಮೈಕ್ ಹಿಡಿಯುತ್ತಿರಲಿಲ್ಲ, ಪೂರ್ವವೂ ಹೊತ್ತು ಮೀರುವ ಮೊದಲೇ ಸಣ್ಣಗೆ ಸುಟ್ಟಿರುತ್ತಿತ್ತು. ಅರ್ಧ ಗುಡ್ಡ ಬೂದಿಯಾದದ್ದು ನನ್ನ ಬಾಯಿಂದಲೂ ಹೌದು, ನಿನ್ನ ಬಾಯಿಲ್ಲದ್ದರಿಂದಲೂ ಹೌದು. ಪಾಲು ಹಂಚಿಕೋ.

ಗಾಳಿ ಖಾತ್ರಿಯಿಲ್ಲ ಅಂತೀಯ. ಇರದಿದ್ದರೆ ಬೇಡ. ನಾಳೆ ಆಗಬಹುದು, ಆಗದೆಯೂ ಇರಬಹುದು ಅಂತ ಹಿಂದಿನ ಸಂಜೆ ಹೇಳು. ಆಗದಿದ್ದರೆ ನಾಲ್ಕು ಜನ ನಿನ್ನನ್ನು ಬೈದು ಕಿಟಕಿ ತೆಗೆಯುತ್ತಾರೆ. ಬೈಸಿಕೊಂಡರೆ ಯಾರೂ ಸಾಯುವುದಿಲ್ಲ.

ಮೊದಲು, ಬದುಕಿದ್ದೀಯ ಅಂತ ಹೇಳು. ಬದುಕಿರಬಹುದು ಅಂತಾದರೂ ಹೇಳು.

ಮಗಳು


ಜೂನ್ 3

ಮಗಳಿಗೆ,

ಬದುಕಿದ್ದೇನೆ. ಬಲಗೈ ಸುಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ತಂಡದವರೆಲ್ಲ ಇದ್ದಾರೆ. ಕ್ಯಾಂಪ್ ಇಲ್ಲ.

ಮೊದಲ ಮಳೆ ಬಿದ್ದ ಮೇಲೆ ಪೂರ್ವಕ್ಕೆ ಹೋದೆ. ದಪ್ಪ ತೊಗಟೆಯ ಮರಗಳಲ್ಲಿ ಕೆಲವು ನೆತ್ತಿ ಕಳೆದುಕೊಂಡು ಬುಡದಿಂದ ಚಿಗುರಿವೆ. ಬೇರು ಆಳದಲ್ಲಿ ಬದುಕಿತ್ತು. ತೆಳು ತೊಗಟೆಯವು ಹೋದವು. ಅವು ಇನ್ನು ಇಲ್ಲಿಗೆ ಬರುವುದಿಲ್ಲ, ಈ ಸೆಕೆ ಅವಕ್ಕಾಗುವುದಿಲ್ಲ. ಗುಡ್ಡದ ಬುಡದಲ್ಲಿ, ಬಿಸಿ ಜಾಸ್ತಿ ಇರುವಲ್ಲಿ ಬೆಳೆದ ಮರಗಳ ಬೀಜ ತಂದು ಮೇಲೆ ಹಾಕುತ್ತಿದ್ದೇವೆ. ಅವಕ್ಕೆ ಸೆಕೆ ಗೊತ್ತು. ಮೊದಲಿನ ಕಾಡು ಆಗುವುದಿಲ್ಲ. ಬೇರೆ ಕಾಡಾಗುತ್ತದೆ.

ಒಂದು ದಿನವಾದರೂ ಹೇಳಿ ಕಳಿಸಿದೆಯಾ ಅಂತ ನೀನು ಕೇಳಿದ್ದಕ್ಕೆ. ನಿನಗೆ ಐದು ವರ್ಷವಿದ್ದಾಗ, ಭಾನುವಾರ ಬರುತ್ತೇನೆ ಅಂತ ಒಮ್ಮೆ ಹೇಳಿ ಕಳಿಸಿದ್ದೆ. ಆ ದಿನ ಬೆಂಕಿ ಬಿತ್ತು, ಬರಲಾಗಲಿಲ್ಲ. ನೀನು ಅಮ್ಮ ಬರಲಿ ಅಂತ ಊಟಕ್ಕೆ ಕೂರಲಿಲ್ಲವಂತೆ. ಬಾಗಿಲಲ್ಲೇ ನಿದ್ದೆ ಹೋದೆಯಂತೆ. ನಿನ್ನ ಅತ್ತೆ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟೆ.

ಅಮ್ಮ


ಜೂನ್ 20

ಅಮ್ಮಾ,

ನಾವು ಮನೆಗೆ ಬಂದೆವು. ಗೋಡೆ ತೊಳೆದಷ್ಟೂ ಕಪ್ಪು ನೀರು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಓದಿದಷ್ಟೂ ಸಿಟ್ಟು ಬಂತು. ನಾನು ಒಂದು ದಿನ ಊಟ ಬಿಟ್ಟೆ ಅಂತ ನೀನು ಇಷ್ಟು ವರ್ಷ ಹೇಳುವುದು ಬಿಟ್ಟೆಯಾ? ನಮ್ಮಿಬ್ಬರಲ್ಲಿ ಹಠಮಾರಿ ಯಾರು? ಐದು ವರ್ಷದ ಮಗು ಅವತ್ತು ಹಸಿದುಕೊಂಡಿರಬಹುದು. ಆದರೆ ಆ ಭಾನುವಾರ ಬೆಳಿಗ್ಗೆಯಿಂದ ಸಂಜೆ ತನಕ ಅಮ್ಮ ಬರುತ್ತಾಳೆ ಅಂತ ಇತ್ತಲ್ಲ, ಅಂಥ ಇನ್ನೊಂದು ದಿನವನ್ನು ನೀನು ನನಗೆ ಕೊಡಲೇ ಇಲ್ಲ. ನಿರಾಸೆಯಾಗುತ್ತದೆ ಅಂತ ಆಸೆಯನ್ನೇ ಕಿತ್ತೆ. ಕಾಡಿನಲ್ಲಿ ಹೀಗೆ ಮಾಡುತ್ತೀಯಾ? ಬೆಂಕಿ ಬಿದ್ದೀತು ಅಂತ ಬೀಜ ಹಾಕುವುದನ್ನೇ ಬಿಡುತ್ತೀಯಾ?

ಇರಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವು, ಈ ಸಲ ಮೊದಲೇ ತೋಡಿದ್ದೇವೆ. ಬೀದಿಯವರು ಸೇರಿ ಶಾಲೆಯ ದೊಡ್ಡ ಕೋಣೆಗೆ ಅಂಟುಪಟ್ಟಿ ಹಚ್ಚಿದ್ದೇವೆ. ಇವರು ಬಸ್ಸಿನ ಏರ್ ಫಿಲ್ಟರನ್ನು ಟೇಬಲ್ ಫ್ಯಾನಿಗೆ ಕಟ್ಟಿ, ತಾವೇ ಕಂಡುಹಿಡಿದ ಹಾಗೆ ಮೆರೆಯುತ್ತಿದ್ದಾರೆ. ಟೈಲರಮ್ಮ ಕಿಟಕಿಗಳಿಗೆ ಎರಡು ಪದರದ ಪರದೆ ಹೊಲಿದಿದ್ದಾರೆ. ಕೂಸುಗಳು, ಮುದುಕರು, ಉಬ್ಬಸದವರು ಹಿಂದಿನ ಸಂಜೆಯೇ ಅಲ್ಲಿಗೆ ಹೋಗಬೇಕು. ಅದಕ್ಕೆ ಹಿಂದಿನ ಸಂಜೆ ಯಾರಾದರೂ ಹೇಳಬೇಕು. ಸೇತುವೆಯ ಆಚೆ ನಿನ್ನ ಆಟೋ ಕೂಗಲಿ. ಈಚೆಗೆ ನಾನು ನಡೆದು ಹೇಳುತ್ತೇನೆ, ನನ್ನ ಗಂಟಲಿಗೆ ಮೈಕ್ ಬೇಕಾಗಿಲ್ಲ ಅಂತ ನಿನ್ನ ಅಳಿಯನೇ ಹೇಳುತ್ತಾರೆ.

ಚಳಿಗೆ ಮೊದಲು ಮತ್ತೆ ಸಭೆ ಇದೆ. ಸುಡಲಿ ಅಂತ ಹೇಳುತ್ತೇನೆ. ಮೊದಲು ಹೇಳಿ ಆಮೇಲೆ ಸುಡಲಿ ಅಂತ, ಅದಕ್ಕಿಂತ ಜೋರಾಗಿ ಹೇಳುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕೂರು.

ಮಗಳು


ಜನವರಿ 13

ಚಿ. ಸೌ. ಮಗಳಿಗೆ ಆಶೀರ್ವಾದಗಳು.

ಗುರುವಾರ ಸುಡಬಹುದು. ಸುಡದೆಯೂ ಇರಬಹುದು. ಗಾಳಿ ನೋಡಬೇಕು. ಸಭೆಯಲ್ಲಿ ಒಪ್ಪಿದ ಹಾಗೆ, ಬುಧವಾರ ಸಂಜೆ ಆಟೋ ಇದನ್ನೇ ಕೂಗುತ್ತದೆ. ಹೀಗೆ ಕೂಗಿದರೆ ಜನ ನಗುವುದಿಲ್ಲವಾ ಅಂತ ನಮ್ಮ ಹುಡುಗರು ಕೇಳಿದರು. ನಗಲಿ ಅಂದೆ. ಅವರವರ ಮನೆಗೂ ಈಗಲೇ ಹೇಳಿ ಕಳಿಸಿ ಅಂದೆ. ಎಲ್ಲರೂ ನನ್ನನ್ನು ಜ್ವರ ಬಂದವಳನ್ನು ನೋಡುವ ಹಾಗೆ ನೋಡಿದರು.

ಭಾನುವಾರ ನಾನು ಬರಬಹುದು. ಬರದೆಯೂ ಇರಬಹುದು. ಊಟಕ್ಕೆ ಕಾಯಬೇಡ.

ಇಂತಿ,
ಅಮ್ಮ


ಜನವರಿ 14

ಅಮ್ಮನಿಗೆ ನಮಸ್ಕಾರ.

ಬೀದಿಗೆಲ್ಲ ಹೇಳಿ ಬಂದೆ. ಟೈಲರಮ್ಮ, "ಸುಡಬಹುದು, ಸುಡದೆಯೂ ಇರಬಹುದು ಅಂದರೆ ಏನಮ್ಮ ಅರ್ಥ, ನಿಮ್ಮಮ್ಮ ಜೋತಿಷ್ಯ ಹೇಳ್ತಾರಾ?" ಅಂತ ಗೊಣಗುತ್ತಲೇ ಕಿಟಕಿ ಹಾಕಿದರು.

ಊಟಕ್ಕೆ ಕಾಯಬೇಕೋ ಬೇಡವೋ ಅನ್ನುವುದು ನಿನ್ನ ಇಲಾಖೆಗೆ ಬರುವುದಿಲ್ಲ.

ಹೊಗೆಗೆ ಹೆದರಿ ಭಾನುವಾರವೂ ಬಾಗಿಲು ಹಾಕಿಯೇ ಇರುತ್ತೇನೆ. ಸುಮ್ಮನೆ ಹೊರಗೆ ನಿಂತಿರಬೇಡ. ತಟ್ಟು.

ಮಗಳು